ಸಂಜೆ 7ರವರೆಗೆ ಕ್ಲಾಸಾ, ಬೆಳಗ್ಗೆ 50 ನಿಮಿಷವಾ?

ಗುಳೇದಗುಡ್ಡದ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಹತ್ತನೇ ತರಗತಿಗೆ ಸ್ಪೆಷಲ್ ಕ್ಲಾಸ್ ಯಾವಾಗ ಇಡಬೇಕು ಅನ್ನೋದು ಸ್ಟಾಫ್ ರೂಮಿನಲ್ಲಿ ಜೂನ್‌ನಲ್ಲೇ ಶುರುವಾಗುವ ಜಗಳ. ಒಂದು ವರ್ಷ ಸಂಜೆ ಇಟ್ಟೆ, ಮರುವರ್ಷ ಬೆಳಗ್ಗೆ.

ಸಂಜೆಯದು 5ರಿಂದ 7. ವಾರಕ್ಕೆ 10 ಗಂಟೆ ಜಾಸ್ತಿ. ಡಿಸೆಂಬರ್‌ಗೇ ಸಿಲೆಬಸ್ ಮುಗಿಯಿತು, ಎಲ್ಲರೂ ಖುಷಿ. ಆದರೆ ಮಧ್ಯಾಹ್ನದ ಅನ್ನ-ಸಾಂಬಾರ್ ಐದಕ್ಕೇ ಕರಗಿರುತ್ತಿತ್ತು. ಚುರುಮರಿ ತರಿಸಿದೆ. ಹೊಟ್ಟೆ ಸುಮ್ಮನಾಯಿತು, ಕಣ್ಣು ಎಳೆಯತೊಡಗಿತು. ಒಂದು ದಿನ ಆರೂವರೆಗೆ x² − 7x + 12 = 0 ಕೊಟ್ಟೆ. ಕ್ಲಾಸಿನಲ್ಲೇ ಚುರುಕಾದ ಹುಡುಗಿ (x − 3)(x − 4) ಅಂತ ಸರಿಯಾಗಿ ಬಿಡಿಸಿ, ಕೆಳಗೆ x = −3, −4 ಅಂತ ಬರೆದಿದ್ದಳು. ನಾನು ಬೋರ್ಡಿನ ಮೇಲೆ x = 3, 4 ಅಂತ ತಿದ್ದಿದೆ, ಎಲ್ಲರೂ ನೋಡಿ ಬರೆದುಕೊಂಡರು. ಆ ವರ್ಷ ಆದದ್ದೇ ಅದು: ನಾನು ಮಾಡುವುದು, ಅವರು ನಕಲು ಇಳಿಸುವುದು. ಆರೂಕಾಲು ಆದರೆ "ಸರ, ಬಸ್ ಹೋಗ್ತೈತ್ರಿ" ಅಂತ ಕಿಟಕಿ ಕಡೆ ನೋಟ. ನೇಕಾರರ ಮನೆ ಮಕ್ಕಳಿಗೆ ಹೋದ ಮೇಲೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತೋ ಕೆಲಸ ಬೇರೆ. ಹೋಂವರ್ಕ್ ಯಾವಾಗ ಮಾಡಬೇಕು?

ಬೆಳಗ್ಗೆಯದು 9ರಿಂದ 9:50, ಅಷ್ಟೇ. ಹೊಸ ಪಾಠ ಇಲ್ಲ. ನಿನ್ನೆಯವು ಮೂರು, ಹೋದ ವಾರದವು ಎರಡು ಲೆಕ್ಕ. ಪುಸ್ತಕ ಮುಚ್ಚಿ ಮಾಡಬೇಕು. ತಪ್ಪು ಆಗಲೂ ಬರುತ್ತಿತ್ತು. ಆದರೆ ಉತ್ತರವನ್ನು ವಾಪಸ್ ಹಾಕಿ ನೋಡಿ ಅಂದರೆ, −3 ಹಾಕಿದವರಿಗೆ 9, 21, 12 ಕೂಡಿ 42 ಬರುತ್ತಿತ್ತು. ಸೊನ್ನೆ ಎಲ್ಲಿ ಹೋಯಿತು ಅಂತ ಅವರೇ ತಲೆ ಕೆರೆದುಕೊಳ್ಳುತ್ತಿದ್ದರು. ಯಾರು ಎಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ನನಗೂ ತಿಳಿಯಿತು. ಸಂಜೆ ಬೋರ್ಡಿಗೆ ಮುಖ ಮಾಡಿ ನಿಂತಾಗ ಅದು ತಿಳಿದೇ ಇರಲಿಲ್ಲ.

ಇದರಲ್ಲೂ ತಾಪತ್ರಯ ಇದೆ. ಸಿಲೆಬಸ್ ಜನವರಿ ಕೊನೆಗೆ ಹೋಯಿತು, ಬೈಸಿಕೊಂಡೆ. ಮಳೆಗಾಲದಲ್ಲಿ ಅರ್ಧ ಕ್ಲಾಸ್ ಲೇಟು. ಎರಡೂ ವರ್ಷದ ಮಕ್ಕಳು ಬೇರೆ ಬೇರೆ, ಹಾಗಾಗಿ ರಿಸಲ್ಟ್ ಪಕ್ಕಪಕ್ಕ ಇಟ್ಟು ಎದೆ ತಟ್ಟಿಕೊಳ್ಳುವುದಿಲ್ಲ. ಆದರೂ ನನ್ನ ಓಟು ಬೆಳಗ್ಗೆಗೇ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ಅನ್ನುತ್ತದೆ. ದಿನಕ್ಕೆ ನಾಲ್ಕೂವರೆ ಗಂಟೆ ಆಯಿತು. ಕಡಿಮೆ ಏನಲ್ಲ, ಅಲ್ವಾ? ಆದರೆ ಅದು ಕಲಿಸಿದ ಗಂಟೆಯ ಲೆಕ್ಕ, ಮಕ್ಕಳು ಕಲಿತದ್ದರ ಲೆಕ್ಕ ಅಲ್ಲ.

ಸಂಜೆ ಶಾಲೆ ಪೂರ್ತಿ ದಂಡ ಅಂತಲೂ ಅನ್ನಲಾರೆ. ಒಂದೇ ಕೋಣೆಯಲ್ಲಿ ಮಗ್ಗ ಲಟಪಟ ಅನ್ನುವ ಮನೆಯ ಹುಡುಗನಿಗೆ ಓದಲು ಜಾಗವೇ ಇಲ್ಲ. ಅಂಥವರಿಗೆ ಒಂದು ರೂಮಿನ ಲೈಟ್ ಹಾಕಿ ಬಿಟ್ಟರೆ ಸಾಕು, ಮೇಷ್ಟ್ರು ಮಾತಾಡಬಾರದು.

ಈ ವರ್ಷವೂ ಸಂಜೆ ಕ್ಲಾಸ್ ಮಾಡಿ ಅಂದಿದ್ದಾರೆ. ಸೋಮವಾರ, ಗುರುವಾರ ಇಟ್ಟಿದ್ದೇನೆ. 5:15ಕ್ಕೆ ಬಿಡುತ್ತೇನೆ, ಬಸ್ 5:30ಕ್ಕೆ.