ಅಂಕ ನೂರು, ಒತ್ತಕ್ಷರ ಮಾಯ

ನಾನು ನೋಡಿಕೊಳ್ಳುವ ಒಂದು ಸರ್ಕಾರಿ ಕಚೇರಿಯ ಜಾಲತಾಣದಲ್ಲಿ ಸುಮಾರು ನಾನೂರು ಪುಟಗಳಿವೆ. ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯ 2023ರ ಆವೃತ್ತಿ, ಅಂದರೆ ಜಿಐಜಿಡಬ್ಲ್ಯು 3.0, ಅಂಗವಿಕಲರೂ ಜಾಲತಾಣ ಬಳಸುವಂತಿರಬೇಕೆನ್ನುವ ಅಂತರರಾಷ್ಟ್ರೀಯ ಮಾನದಂಡ ಡಬ್ಲ್ಯುಸಿಎಜಿ 2.1ರ ‘ಎಎ’ ಮಟ್ಟವನ್ನು ಕೇಳುತ್ತದೆ. ಇಷ್ಟು ಪುಟಗಳನ್ನು ಕಣ್ಣಿನಲ್ಲೇ ತಪಾಸಣೆ ಮಾಡುವುದು ಆಗದ ಮಾತು. ಹಾಗಾಗಿ ಇಂಥ ದೋಷಗಳನ್ನು ತಾವೇ ಹುಡುಕುವ, ದುಡ್ಡು ಕೇಳದ ಮೂರು ಸಾಧನಗಳನ್ನು ಒಂದೇ ವಾರದಲ್ಲಿ ಅದರ ಮೇಲೆ ಓಡಿಸಿ ನೋಡಿದೆ: ಲೈಟ್‌ಹೌಸ್, ವೇವ್ ಮತ್ತು ಪ್ಯಾಲಿ.

ಲೈಟ್‌ಹೌಸ್ ಕ್ರೋಮ್‌ನೊಳಗೇ ಇದೆ, ಅಂಕ ಕೊಡುತ್ತದೆ. ಅದರ ಬಲವೂ ಅದೇ, ಕಾಟವೂ ಅದೇ. ನಮ್ಮ ಮುಖಪುಟಕ್ಕೆ 82 ಬಂದಿತ್ತು. ಆ ಸಂಖ್ಯೆ ಸಭೆಗೆ ಹೋದ ಮೇಲೆ ಯಾರೂ ದೋಷ ಯಾವುದೆಂದು ಕೇಳಲಿಲ್ಲ, ನೂರು ಯಾವಾಗ ಆಗುತ್ತದೆ ಎಂದಷ್ಟೇ ಕೇಳಿದರು. ಆದರೆ ನಿಧಾನ ಗತಿಯ ಮೊಬೈಲ್ ಸಂಪರ್ಕವನ್ನು ಅನುಕರಿಸಿ ತೋರಿಸುವುದರಲ್ಲಿ ಇದೇ ಮುಂದು. ಉದ್ಘಾಟನಾ ಸಮಾರಂಭದ ಒಂದೇ ಫೋಟೊ ಇಡೀ ಪುಟವನ್ನು ತಡೆದು ನಿಲ್ಲಿಸಿದ್ದು ಗೊತ್ತಾದದ್ದು ಅದರಿಂದಲೇ.

ವೇವ್ ದೋಷವನ್ನು ಪುಟದ ಮೇಲೆಯೇ, ಅದಿರುವ ಜಾಗದಲ್ಲೇ ಗುರುತು ಹಾಕುತ್ತದೆ. ಪ್ರಕಟಣೆಗಳನ್ನು ಏರಿಸುವ ನಮ್ಮ ಸಹಾಯಕರಿಗೆ ಕೋಡ್ ಬಾರದು. ಆದರೂ ಕೆಂಪು ಗುರುತು ಕಂಡೊಡನೆ ಚಿತ್ರಕ್ಕೆ ವಿವರಣೆ ಬರೆಯಲು ಅರ್ಧ ದಿನದಲ್ಲಿ ಕಲಿತರು. ಒಂದೊಂದೇ ಪುಟ ತೆರೆದು ಕೂರಬೇಕು, ಅಷ್ಟೇ.

ಪ್ಯಾಲಿ ಕಮಾಂಡ್ ಸಾಲಿನಿಂದ ನಡೆಯುವಂಥದ್ದು. ಸೈಟ್‌ಮ್ಯಾಪ್, ಅಂದರೆ ಜಾಲತಾಣದ ಪುಟಗಳ ಪಟ್ಟಿ, ಕೊಟ್ಟು ರಾತ್ರಿ ಬಿಟ್ಟುಬಂದರೆ ಬೆಳಿಗ್ಗೆ ಎಲ್ಲ ಪುಟಗಳ ವರದಿ ಸಿದ್ಧ. ಮೊದಲ ವರದಿಯ ಉದ್ದ ಕಂಡು ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಬಹುಪಾಲು ಒಂದೇ ದೋಷ: ತಲೆಪಟ್ಟಿಯ ಹುಡುಕು ಖಾನೆಗೆ ಹೆಸರಿರಲಿಲ್ಲ, ಅದೇ ನಾನೂರು ಸಲ ಎಣಿಕೆಯಾಗಿತ್ತು. ಒಂದು ಸಾಲು ತಿದ್ದಿದೆ, ವರದಿ ಬಡವಾಯಿತು. ನನ್ನ ಮತ ಪ್ಯಾಲಿಗೇ.

ಆದರೆ ಕನ್ನಡದ ವಿಷಯಕ್ಕೆ ಬಂದಾಗ ಮೂರೂ ಮೌನ. ಪುಟವಿಡೀ ಕನ್ನಡ, ಕೋಡ್‌ನಲ್ಲಿ ಘೋಷಿಸಿದ ಭಾಷೆ ಇಂಗ್ಲಿಷ್. ಭಾಷಾ ಸಂಕೇತ ಇದೆಯೇ, ಅದು ಮಾನ್ಯವೇ ಎಂದಷ್ಟೇ ಅವು ನೋಡುವುದರಿಂದ ಪಾಸು. ಸಾಲಿನ ಎತ್ತರ ಕಡಿಮೆಯಾಗಿ ಶೀರ್ಷಿಕೆಯ ‘ಅರ್ಜಿ ಸಲ್ಲಿಕೆ’ಯಲ್ಲಿ ಲಕಾರದ ಒತ್ತು ಕತ್ತರಿಸಿಹೋಗಿತ್ತು, ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಬಣ್ಣದ ಅಂತರ 4.5ಕ್ಕೆ 1 ದಾಟಿದ್ದರಿಂದ ಅದೂ ಪಾಸು. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಬೆರಳಚ್ಚು ಮಾಡಿ ಪಿಡಿಎಫ್ ಮಾಡಿದ ಆದೇಶಗಳಂತೂ, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಾದ ಪರದೆ ಓದುಗಕ್ಕೆ ಬರೀ ಕಲಸುಮೇಲೋಗರ. ಪಿಡಿಎಫ್ ಕೊಂಡಿ ಇದೆ ಎಂದು ವೇವ್ ಎಚ್ಚರಿಸುತ್ತದೆ, ಒಳಗೆ ಇಣುಕುವುದು ಅದರ ಕೆಲಸವಲ್ಲ.

ಈಗ ಪ್ಯಾಲಿ ಪ್ರತಿರಾತ್ರಿ ಓಡುತ್ತದೆ, ವೇವ್ ಸಹಾಯಕರ ಮೇಜಿನಲ್ಲಿದೆ, ಲೈಟ್‌ಹೌಸನ್ನು ತಿಂಗಳಿಗೊಮ್ಮೆ ವೇಗಕ್ಕಾಗಿ ತೆರೆಯುತ್ತೇನೆ. ಶುಕ್ರವಾರ ಮಧ್ಯಾಹ್ನ ಮಾನಿಟರ್ ಆರಿಸಿ, ಎನ್‌ವಿಡಿಎ ಎಂಬ ಪರದೆ ಓದುಗ ಓದಿದ್ದನ್ನು ಕೇಳುತ್ತಾ ಕೀಲಿಮಣೆಯಿಂದಲೇ ಒಂದು ಅರ್ಜಿ ತುಂಬುತ್ತೇನೆ. ಮೊದಲ ಸಲ ಎಲ್ಲ ಖಾನೆಗಳನ್ನೂ ದಾಟಿ ಕೊನೆಯ ಚಿತ್ರಕ್ಕೆ ಬಂದೆ. ಅದಕ್ಕೆ ಪರ್ಯಾಯ ಪಠ್ಯ, ಅಂದರೆ ಚಿತ್ರದ ವಿವರಣೆ, ಇದ್ದುದರಿಂದ ಮೂರು ಸಾಧನಗಳೂ ಒಪ್ಪಿದ್ದವು. ಎನ್‌ವಿಡಿಎ ಅದನ್ನು ನಿಷ್ಠೆಯಿಂದ ಓದಿತು: “ಕ್ಯಾಪ್ಚಾ.” ಅದರೊಳಗಿನ ಆರು ಅಕ್ಷರ ಯಾವುವೆಂದು ತಿಳಿಯಲು ನಾನು ಮಾನಿಟರ್ ಹಾಕಬೇಕಾಯಿತು.