ಬೆಳಗಾವಿ ತಿಲಕವಾಡಿಯ ಫ್ರೆಂಚ್ ಕ್ಲಾಸ್: ಚಪ್ಪಾಳೆ ಚೆನ್ನ, ಹಾಳೆ ಬೇಡ

ಹತ್ತರಗಿ ಕಡೆ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ನನ್ನದು ಕ್ವಾಲಿಟಿ ಚೆಕಿಂಗ್ ಕೆಲಸ. ಫ್ರಾನ್ಸಿನವರ ಕಾಗದಗಳಲ್ಲಿ ಒಂದು ಗುಣವಾಚಕ ಮತ್ತೆ ಮತ್ತೆ ಬರುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂಡಿಸಬಹುದಾದ ಭಾಗ ಅಂತ ಅರ್ಥ. ಸ್ಪೆಲಿಂಗ್ ಇಂಗ್ಲಿಷಿನದ್ದೇ, ಹಾಗಾಗಿ ಧೈರ್ಯವಾಗಿ ‘ಇಂಟರ್‌ಚೇಂಜೆಬಲ್’ ಅಂದೆ. ವಿಡಿಯೋ ಕಾಲ್‌ನಲ್ಲಿ ಆಚೆ ಕೂತವರು ಸುಮ್ನೆ ನನ್ನ ಮುಖ ನೋಡಿದರು.

ಅದಕ್ಕೇ ಎರಡನೇ ರೈಲ್ವೆ ಗೇಟ್ ಹತ್ತಿರದ ಭಾನುವಾರದ ಕ್ಲಾಸ್ ಸೇರಿದೆ. ಮೇಡಂ ಬೋರ್ಡ್ ಮುಟ್ಟುವ ಮೊದಲು ಚಪ್ಪಾಳೆ ಹೊಡೆಸುತ್ತಾರೆ. ಆ್ಯಂ-ತೆರ್-ಶಾಂ-ಜಾಬ್ಲ್. ನಾಲ್ಕೇ ಏಟು, ಒತ್ತು ಕೊನೆಯದ್ದಕ್ಕೆ. ‘ಜ’ ಹೇಳುವಾಗ ನಾಲಿಗೆ ಅಂಗುಳಕ್ಕೆ ತಾಕಬಾರದು. ಸೊನ್ನೆ ಕಂಡರೆ ನಮ್ಮ ಬಾಯಲ್ಲಿ ‘ನ್’ ಅಥವಾ ‘ಮ್’ ಬಂದೇ ಬರುತ್ತದೆ, ಅಲ್ವಾ? ಅದೇ ನನ್ನ ತೊಂದರೆ. “ಸರ, ಹಿಂದಿಯೊಳಗ ಹಾಂ ಅಂತೀರಲ್ಲ, ಹಂಗ ಮೂಗಿನ್ಯಾಗ ಬಿಡ್ರಿ” ಅಂದರು. ಮೂರನೇ ಸಲಕ್ಕೆ ಬಂತು.

ಮರುವಾರ ‘ಊಹಿಸಲಾಗದ’ ಅನ್ನುವ ಪದ. ಇದೂ ಅದೇ ‘ಐ, ಎನ್’ ಅಕ್ಷರಗಳಿಂದ ಶುರು. ನಾನು ಮೂಗು ಸಿದ್ಧ ಮಾಡಿಕೊಂಡೆ. ಆದರೆ ಇಲ್ಲಿ ಮುಂದೆ ಸ್ವರ ಇದೆ, ‘ನ’ ಅದಕ್ಕೆ ಅಂಟಿಕೊಂಡಿತು: ಇ-ನಿ-ಮಾ-ಜಿ-ನಾಬ್ಲ್. ನಮ್ಮ ಕಾಗುಣಿತವೇ! ವ್ಯಂಜನ ಹಿಂದಿನದನ್ನು ಬಿಟ್ಟು ಮುಂದಿನ ಸ್ವರದ ಜೊತೆ ಹೋಗುತ್ತದೆ. ಇದು ಹೊಳೆದ ಮೇಲೆ ಉದ್ದ ಪದಗಳ ಭಯ ಅರ್ಧ ಹೋಯಿತು.

ಇನ್ನು ದೂರು. ಕ್ಲಾಸಿನವರು ಕೊಡುವ ಜೆರಾಕ್ಸ್ ಹಾಳೆಯಲ್ಲಿ ನನ್ನ ಕಾರ್ಖಾನೆಯ ಪದ ಐದು ತುಂಡಾಗಿದೆ. ಕೊನೆಯ ಮೂಕ ‘ಇ’ಯನ್ನೂ ಎಣಿಸಿದ್ದಾರೆ. ಅದು ಬರವಣಿಗೆಯ ಲೆಕ್ಕ, ಮಾತಿನದಲ್ಲ. ಹಾಳೆಯ ಮೇಲೆ ಹಾಗಂತ ಒಂದು ಸಾಲೂ ಇಲ್ಲ. ಮನೆಯಲ್ಲಿ ಇಡೀ ವಾರ ‘ಜಾ-ಬ್ಲ’ ಅಂತ ಐದು ಏಟು ಹೊಡೆದು ಕಲಿತೆ. ಭಾನುವಾರ ಮೇಡಂ ನಕ್ಕರು. ಮೂರು ತಿಂಗಳಿಗೆ ಆರು ಸಾವಿರ ತೆಗೆದುಕೊಂಡು ಹಾಳೆ ತಿದ್ದದಿರುವುದು ಜಾಸ್ತಿಯಾಯಿತು.

ಸೇರುವುದಾದರೆ ಮುಂದಿನ ಬೆಂಚು ಹಿಡಿಯಿರಿ. ಕಿಟಕಿ ಪಕ್ಕ ಕೂತರೆ ರೈಲಿನ ಹಾರ್ನ್‌ನಲ್ಲಿ ಮೂಗಿನ ಸ್ವರ ಒಂದೂ ಕೇಳಿಸುವುದಿಲ್ಲ.