ನಿವೃತ್ತಿಯ ಖರ್ಚಿಗೆ ಡಿವಿಡೆಂಡ್: ನಾನು ಹಣ ಇಟ್ಟು ನೋಡಿದ ನಾಲ್ಕು ಕಡೆ

2018ರ ಕೊನೆಯಲ್ಲಿ ಮುಂಬಯಿಯ ಖಾಸಗಿ ಕಂಪನಿಯೊಂದರಿಂದ ನಿವೃತ್ತನಾದಾಗ ನನ್ನ ಕೈಗೆ ಬಂದದ್ದು ಪಿಎಫ್ ಮತ್ತು ಗ್ರಾಚ್ಯುಟಿ. ಪಿಂಚಣಿಯೆಂದು ಬರುವ ಮೊತ್ತ ಹಾಲು ಮತ್ತು ವಿದ್ಯುತ್ ಬಿಲ್ಲಿಗೆ ಸಾಕಾಗುವಷ್ಟು ಮಾತ್ರ. ಡೊಂಬಿವಲಿಯ ಮನೆ ಸ್ವಂತದ್ದಾದ್ದರಿಂದ ಬಾಡಿಗೆಯ ಚಿಂತೆ ಇಲ್ಲ. ಆದರೆ ಸೊಸೈಟಿಯ ಮೇಂಟೆನೆನ್ಸ್ ಬಿಲ್ಲು ಮೂರು ತಿಂಗಳಿಗೊಮ್ಮೆ, ನಮ್ಮಿಬ್ಬರ ಮೆಡಿಕ್ಲೇಮ್ ಕಂತು ಪ್ರತಿ ಜುಲೈಯಲ್ಲಿ ತಪ್ಪದೆ ಬರುತ್ತವೆ. ಅಸಲಿಗೆ ಕೈಹಚ್ಚದೆ, ಕಂಪನಿಗಳು ಲಾಭದಲ್ಲಿ ಷೇರುದಾರರಿಗೆ ಹಂಚುವ ಡಿವಿಡೆಂಡಿನಲ್ಲೇ ಇವನ್ನೆಲ್ಲ ನಿಭಾಯಿಸಬೇಕೆಂಬ ಹಟದಿಂದ ನಾನು ನಾಲ್ಕು ಕಡೆ ಹಣ ಇಟ್ಟೆ. ಅವುಗಳಲ್ಲಿ ನನಗೆ ಒಗ್ಗಿದ್ದು ಡಿವಿಡೆಂಡೇ ಅಲ್ಲದ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲಿ ಸಿಗುವ ಗೆಳೆಯರೊಬ್ಬರು, "ಏನ್ರೀ ರಾಯರೇ, ಷೇರುಪೇಟೆಯ ದಲಾಲ್ ಸ್ಟ್ರೀಟ್ ಇರುವ ಊರಿನಲ್ಲಿ ನಲವತ್ತು ವರ್ಷ ಇದ್ದು ಕೊನೆಗೆ ಪೋಸ್ಟ್ ಆಫೀಸಿಗೆ ಹೋದಿರಾ?" ಎಂದು ಇವತ್ತಿಗೂ ಕಾಲೆಳೆಯುತ್ತಾರೆ.

ಕೈ ಸುಟ್ಟುಕೊಂಡದ್ದು ಮ್ಯೂಚುವಲ್ ಫಂಡಿನಲ್ಲಿ. ಷೇರು ಮತ್ತು ಸಾಲಪತ್ರ ಎರಡನ್ನೂ ಬೆರೆಸಿದ ಬ್ಯಾಲೆನ್ಸ್ಡ್ ಫಂಡೊಂದರ ಮಾಸಿಕ ಡಿವಿಡೆಂಡ್ ಯೋಜನೆಗೆ ಹತ್ತು ಲಕ್ಷ ಹಾಕಿದರೆ ತಿಂಗಳಿಗೆ ಶೇಕಡಾ ಒಂದರಂತೆ ಹತ್ತು ಸಾವಿರ ಬರುತ್ತದೆ ಎಂದು ಏಜೆಂಟರು ಹೇಳಿದ್ದನ್ನು ನಾನು ಬಡ್ಡಿಯ ಲೆಕ್ಕದಲ್ಲೇ ಕೇಳಿಸಿಕೊಂಡೆ. ಮೊದಲ ವರ್ಷ ಎಂಟು ಸಾವಿರದ ಸುಮಾರಿಗೆ ಬಂದ ಹಣ 2020ರ ಬೇಸಿಗೆಯಲ್ಲಿ ಐದು ಸಾವಿರಕ್ಕೆ ಇಳಿಯಿತು. ಒಂದು ತಿಂಗಳು ಬರಲೇ ಇಲ್ಲ. ಅದಕ್ಕಿಂತ ತಡವಾಗಿ ಅರ್ಥವಾದ ಸಂಗತಿಯೆಂದರೆ, ಫಂಡಿನಲ್ಲಿ ನಮ್ಮ ಪಾಲನ್ನು ಅಳೆಯುವ ಯೂನಿಟ್ಟಿನ ಬೆಲೆ 20 ರೂಪಾಯಿ ಇದ್ದಾಗ 20 ಪೈಸೆ ಹಂಚಿದರೆ ಆ ಬೆಲೆ 19 ರೂಪಾಯಿ 80 ಪೈಸೆಗೆ ಇಳಿಯುತ್ತದೆ. ನನ್ನದೇ ಬಲಗಿಸೆಯಿಂದ ತೆಗೆದು ಎಡಗಿಸೆಗೆ ಹಾಕಿದ್ದನ್ನು ನಾನು ಆದಾಯವೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. 2021ರ ಏಪ್ರಿಲ್‌ನಿಂದ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಈ ಆಯ್ಕೆಗೆ ಡಿವಿಡೆಂಡ್ ಎಂಬ ಹೆಸರನ್ನೇ ತೆಗೆದು, ಆದಾಯದ ಹಂಚಿಕೆಯ ಜೊತೆಗೆ ಬಂಡವಾಳದ ಹಿಂತೆಗೆತವೂ ಹೌದು ಎಂದು ಹೆಸರಿನಲ್ಲೇ ಸಾರುವಂತೆ ಮಾಡಿತು. ಆ ಹೆಸರು ಮೂರು ವರ್ಷ ಮೊದಲೇ ಬಂದಿದ್ದರೆ ನಾನು ಅರ್ಜಿಗೆ ಸಹಿ ಹಾಕುತ್ತಿರಲಿಲ್ಲ.

ಷೇರುಗಳ ಮಾತು ಬೇರೆ. ಕೆಲಸದಲ್ಲಿದ್ದಾಗ ಸ್ವಲ್ಪ ಸ್ವಲ್ಪವಾಗಿ ಕೂಡಿಸಿದ ಐದಾರು ಕಂಪನಿಗಳ ಷೇರುಗಳಲ್ಲಿ ಕೋಲ್ ಇಂಡಿಯಾದ 400 ಮತ್ತು ಐಟಿಸಿಯ 600 ಮುಖ್ಯವಾದವು. ಕೋಲ್ ಇಂಡಿಯಾ ಷೇರು 2010ರಲ್ಲಿ 245 ರೂಪಾಯಿಗೆ ಮಾರುಕಟ್ಟೆಗೆ ಬಂದದ್ದು, 2020ರಲ್ಲಿ ಅದರ ಅರ್ಧಕ್ಕೂ ಕೆಳಗೆ ಬಿತ್ತು. ಆದರೂ 2019-20ರಲ್ಲಿ ಷೇರಿಗೆ 12 ರೂಪಾಯಿ ಇದ್ದ ಡಿವಿಡೆಂಡ್ 2022-23ರ ಹೊತ್ತಿಗೆ 24 ರೂಪಾಯಿ 25 ಪೈಸೆಗೆ ಏರಿತು. ಯಾವ ಠೇವಣಿಯೂ ಹೀಗೆ ಬೆಳೆಯುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಐಟಿಸಿ ಅದೇ ವರ್ಷ ವಿಶೇಷ ಡಿವಿಡೆಂಡೂ ಸೇರಿ 15 ರೂಪಾಯಿ 50 ಪೈಸೆ ಕೊಟ್ಟು, ಮರುವರ್ಷ 13 ರೂಪಾಯಿ 75 ಪೈಸೆ ಕೊಟ್ಟಿತು. ನನ್ನ ಮನೆಯ ಲೆಕ್ಕದಲ್ಲಿ 9,300 ಇದ್ದದ್ದು 8,250 ಆಯಿತು. ಈ ಏರಿಳಿತವನ್ನಾದರೂ ಸಹಿಸಬಹುದು. ಏಪ್ರಿಲ್‌ನಿಂದ ಜೂನ್‌ವರೆಗೆ ನನ್ನ ಪಟ್ಟಿಯ ಕಂಪನಿಗಳಿಂದ ಬಿಡಿಗಾಸೂ ಬಾರದಿರುವುದು, ಆಮೇಲೆ ಮಳೆಗಾಲದ ನಡುವೆ ಎಲ್ಲವೂ ಒಟ್ಟಿಗೆ ಬರುವುದು ನನ್ನಂಥ ತಾರೀಖು ನೋಡಿ ಖರ್ಚು ಮಾಡುವವನಿಗೆ ಹೊಂದುವುದಿಲ್ಲ.

ಷೇರುಗಳ ಮೇಲಿನ ನನ್ನ ನಿಜವಾದ ಸಿಟ್ಟಿಗೆ ಕಾರಣ ಬೇರೆಯೇ ಇದೆ. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಊರಿನವರೆಂಬ ಅಭಿಮಾನದಿಂದ ಮುಂಬಯಿಯ ಕನ್ನಡಿಗರು ಅವುಗಳಲ್ಲೇ ಖಾತೆ ತೆರೆಯುತ್ತಿದ್ದ ಕಾಲವೊಂದಿತ್ತು. ಅವುಗಳಲ್ಲೊಂದರಲ್ಲಿ ನನ್ನದೂ ಇತ್ತು. ಹೊಸ ಪಾಸ್‌ಬುಕ್, ಹೊಸ ಚೆಕ್‌ಬುಕ್ ತಪ್ಪದೆ ತಂದುಕೊಂಡ ನಾನು ಷೇರುಗಳನ್ನಿಟ್ಟ ಡಿಮ್ಯಾಟ್ ಖಾತೆಯಲ್ಲಿ ದಾಖಲಾಗಿದ್ದ, ಬ್ಯಾಂಕ್ ಶಾಖೆಯನ್ನು ಗುರುತಿಸುವ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಯನ್ನು ಬದಲಿಸಲು ಮರೆತೆ. 2021ರಲ್ಲಿ ಹಳೆಯ ಸಂಖ್ಯೆಗಳು ರದ್ದಾದ ಮೇಲೆ ಕಂಪನಿಗಳು ಕಳಿಸಿದ ಹಣ ನನ್ನನ್ನು ಮುಟ್ಟದೆ ಬಂದ ದಾರಿಗೆ ಹಿಂದಿರುಗುತ್ತಿತ್ತು. ತಪ್ಪು ನನ್ನದೇ, ಅದರಲ್ಲಿ ವಾದವಿಲ್ಲ.

ಅದು ನನಗೆ ಗೊತ್ತಾದದ್ದು 2022ರ ಜುಲೈಯಲ್ಲಿ, ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಲು, ನನ್ನ ಹೆಸರಿನಲ್ಲಿ ಕಡಿತವಾದ ತೆರಿಗೆಯ ವಿವರವಿರುವ ಫಾರ್ಮ್ 26ಎಎಸ್ ತೆಗೆದಾಗ. ಅದರಲ್ಲಿ ಡಿವಿಡೆಂಡ್ ಕೊಟ್ಟಿರುವುದಾಗಿಯೂ ಅದರ ಮೇಲೆ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆಯಾದ ಟಿಡಿಎಸ್ ಶೇಕಡಾ 10 ಕಡಿದಿರುವುದಾಗಿಯೂ ಸ್ಪಷ್ಟವಾಗಿತ್ತು, ಪಾಸ್‌ಬುಕ್ಕಿನಲ್ಲಿ ಮಾತ್ರ ಆ ಸಾಲು ಇರಲಿಲ್ಲ. ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟಿದವನ ಮುಖ ಹೇಗಿರುತ್ತದೆಂದು ನನ್ನ ಹೆಂಡತಿ ಅಂದು ನೋಡಿದಳು. ಡಿಮ್ಯಾಟ್‌ನಲ್ಲಿ ಸಂಖ್ಯೆ ತಿದ್ದುವುದು ಎರಡು ದಿನದ ಕೆಲಸ. ಆದರೆ ಆ ತಿದ್ದುಪಡಿ ಮುಂದಿನ ಡಿವಿಡೆಂಡಿಗೆ ಮಾತ್ರ. ಹಿಂದಿನ ಐದು ಪಾವತಿಗಳಿಗೆ ಆಯಾ ಕಂಪನಿಯ ಷೇರುದಾರರ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ ಬೇರೆಬೇರೆಯಾಗಿ ಅರ್ಜಿ, ರದ್ದುಪಡಿಸಿದ ಚೆಕ್ಕು, ಬ್ರೋಕರ್ ಮುದ್ರೆ ಒತ್ತಿದ ಖಾತೆಯ ವಿವರ ಕಳಿಸಬೇಕಾಯಿತು. ಒಂದು ರಿಜಿಸ್ಟ್ರಾರ್ ಕಚೇರಿ ನನ್ನ ಅರ್ಜಿಯನ್ನು ಎರಡು ಬಾರಿ ಮರಳಿಸಿತು. ಡಿಮ್ಯಾಟ್ ತೆರೆದಾಗ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದ ನಾನು ಆಮೇಲೆ ಕನ್ನಡದ ಸಹಿಗೆ ಬದಲಾಗಿದ್ದೆ. ಅರ್ಜಿಯ ಮೇಲಿದ್ದ ಸಹಿಗೂ ದಾಖಲೆಯ ಸಹಿಗೂ ಹೊಂದಿಕೆಯಿಲ್ಲ ಎಂಬುದು ಅವರ ಆಕ್ಷೇಪ. ಬ್ಯಾಂಕ್ ಮ್ಯಾನೇಜರರಿಂದ ಸಹಿ ದೃಢೀಕರಿಸಿ ಮೂರನೆಯ ಬಾರಿ ಕಳಿಸಿದ ಮೇಲೆ, ಮೊದಲ ಅರ್ಜಿಯಿಂದ ಹನ್ನೊಂದು ತಿಂಗಳಿಗೆ, ಪೂರ್ತಿ ಹಣ ಬಂತು. ಏಳು ವರ್ಷ ಹೀಗೇ ಬಿಟ್ಟಿದ್ದರೆ ಆ ಹಣ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತಿತ್ತು. ಸತತವಾಗಿ ಏಳು ವರ್ಷ ಪಡೆಯದಿದ್ದರೆ ಷೇರುಗಳೂ ಅದೇ ನಿಧಿಗೆ ಸೇರುತ್ತವೆ.

ಕಚೇರಿ ಕಟ್ಟಡಗಳ ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟ್ ಆದ ರೀಟ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇದೆ. 2020ರಲ್ಲಿ ಮೈಂಡ್‌ಸ್ಪೇಸ್ ರೀಟ್ ಬಂದಾಗ 275 ರೂಪಾಯಿಯಂತೆ 200 ಯೂನಿಟ್ ಕೊಂಡೆ. ವಾಶಿಯ ಮಗಳ ಮನೆಗೆ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗುವಾಗ ಐರೋಲಿಯಲ್ಲಿ ಅದರ ಕಟ್ಟಡಗಳು ಕಾಣುತ್ತವೆ. ಸಂಜೆ ಎಷ್ಟು ಕಿಟಕಿಗಳಲ್ಲಿ ದೀಪ ಉರಿಯುತ್ತಿದೆಯೆಂದು ಎಣಿಸುವುದು ನನಗೊಂದು ಚಟವಾಗಿದೆ. ಹಂಚಬಹುದಾದ ನಗದಿನಲ್ಲಿ ಶೇಕಡಾ 90ನ್ನು ಹಂಚಲೇಬೇಕೆಂಬ ನಿಯಮ ಇರುವುದರಿಂದ ಮೂರು ತಿಂಗಳಿಗೊಮ್ಮೆ ಹಣ ಬರುತ್ತದೆ, ಮೊದಲ ವರ್ಷಗಳಲ್ಲಿ ಅದು ಯೂನಿಟ್ಟಿಗೆ ಐದು ರೂಪಾಯಿಯ ಆಸುಪಾಸಿನಲ್ಲಿತ್ತು. ಬರುವ ಹಣದಲ್ಲಿ ಡಿವಿಡೆಂಡ್ ಎಷ್ಟು, ಬಡ್ಡಿ ಎಷ್ಟು, ಉಳಿದದ್ದು ಏನು ಎಂಬುದಕ್ಕೆ ಬೇರೆಬೇರೆ ತೆರಿಗೆ ನಿಯಮ ಇರುವುದರಿಂದ, ಸಾವಿರ ರೂಪಾಯಿಯ ಲೆಕ್ಕಕ್ಕೆ ಒಂದು ಸಂಜೆ ಬೇಕು.

ಇನ್ನು ಅಂಚೆ ಕಚೇರಿ. 2019ರ ಜನವರಿಯಲ್ಲಿ ಆಗಿನ ಮಿತಿಯಾದ 15 ಲಕ್ಷವನ್ನು ಶೇಕಡಾ 8.7ಕ್ಕೆ ಇಟ್ಟೆ, 2020ರಲ್ಲಿ ಹೊಸ ಖಾತೆಗಳ ದರ 7.4ಕ್ಕೆ ಇಳಿದರೂ ನನಗೆ ತ್ರೈಮಾಸಿಕಕ್ಕೆ 32,625 ರೂಪಾಯಿ ಐದು ವರ್ಷ ಒಂದು ಪೈಸೆಯೂ ಕಡಿಮೆಯಾಗದೆ ಬಂತು. 2023ರಲ್ಲಿ ಮಿತಿ 30 ಲಕ್ಷಕ್ಕೆ ಏರಿತ್ತು. ಮರುವರ್ಷ ಅವಧಿ ಮುಗಿದಾಗ ಮ್ಯೂಚುವಲ್ ಫಂಡಿನಿಂದ ಬಿಡಿಸಿಕೊಂಡ ಐದು ಲಕ್ಷವನ್ನೂ ಸೇರಿಸಿ 20 ಲಕ್ಷಕ್ಕೆ ಶೇಕಡಾ 8.2ರ ಹೊಸ ಖಾತೆ ತೆರೆದೆ. ಈಗ ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿಯ ಮೊದಲ ಕೆಲಸದ ದಿನ 41,000 ಬರುತ್ತದೆ; ಸೊಸೈಟಿಯ ಬಿಲ್ಲು ಬರುವುದೂ ಅದೇ ತಿಂಗಳುಗಳಲ್ಲಿ. ಟಿಡಿಎಸ್ ತಪ್ಪಿಸುವ ಅರ್ಜಿ ಒಂದೇ, ವರ್ಷಕ್ಕೊಮ್ಮೆ, ಒಂದೇ ಕಿಟಕಿಯಲ್ಲಿ. ಎರಡು ವರ್ಷ ಕಳೆದ ಮೇಲೆ ನಡುವೆ ಮುರಿದರೆ ಅಸಲಿನ ಶೇಕಡಾ ಒಂದು ಕಡಿತವಾಗುತ್ತದೆ. 2029ರ ಜನವರಿಯಲ್ಲೂ ಈ 41,000 ಅಷ್ಟೇ ಇರುತ್ತದೆ, ಆ ಹೊತ್ತಿಗೆ ಮೆಡಿಕ್ಲೇಮ್ ಕಂತು ಎಲ್ಲಿರುತ್ತದೋ.

ಅದಕ್ಕಾಗಿಯೇ ಷೇರುಗಳನ್ನು ಮಾರಿಲ್ಲ. ಅಡುಗೆಮನೆ ಮತ್ತು ಸೊಸೈಟಿ ಅಂಚೆಯ ಬಡ್ಡಿಯಿಂದ ನಡೆಯುತ್ತವೆ; ಡಿವಿಡೆಂಡ್ ಬಂದಾಗ ಮೆಡಿಕ್ಲೇಮಿನ ಹೆಚ್ಚುವರಿಗೆ, ಇಲ್ಲವೆ ಊರಿನ ಪ್ರಯಾಣಕ್ಕೆ ತೆಗೆದಿಡುತ್ತೇನೆ. ತಡವಾಗಿ ಬಂದರೆ ಪ್ರಯಾಣ ತಡವಾಗುತ್ತದೆ, ಅಷ್ಟೆ. ನನಗಿಂತ ಹೆಚ್ಚು ಪಿಂಚಣಿ ಇರುವವರು ಈ ಪ್ರಮಾಣವನ್ನು ತಿರುಗಿಸಿಕೊಳ್ಳಬಹುದು. ಫಂಡಿನಲ್ಲಿ ಉಳಿದದ್ದು, ಲಾಭವನ್ನು ಹಂಚದೆ ಒಳಗೇ ಬೆಳೆಯಲು ಬಿಡುವ ಗ್ರೋತ್ ಆಯ್ಕೆಯಲ್ಲಿದೆ.

ಬಾಕಿ ಇರುವುದು ಡಿಮ್ಯಾಟ್ ಖಾತೆಯ ನಾಮಿನಿಯ ಕೆಲಸ. ನನ್ನ ಹೆಂಡತಿಯ ಪ್ಯಾನ್ ಕಾರ್ಡಿನಲ್ಲಿ ಊರಿನ ಪದ್ಧತಿಯಂತೆ ಹೆಸರಿನ ಮುಂದೆ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ನಡುವೆ ನನ್ನ ಹೆಸರು ಬಂದಿದೆ. ಸಹಿಯ ಗತಿ ಕಂಡ ಮೇಲೆ ಇದನ್ನು ಈ ತಿಂಗಳಲ್ಲೇ ಸರಿಪಡಿಸಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.